ಗೋಧಿ ಬಣ್ಣದ ಕನಕಮ್ಮ

ಕೊಟ್ಟೂರಿನ ಬಜಾರದಲ್ಲಿ ಬಟ್ಟೆಯಂಗಡಿಗಳ ಸಾಲು ಮುಗಿದು ಪಾತ್ರೆಯಂಗಡಿಗಳು ಶುರುವಾಗುವ ಕಡೆಯಲ್ಲಿ ಮರುಳಸಿದ್ಧ ಫೋಟೋ ಸ್ಟುಡಿಯೋ ಇತ್ತು. ಮುಂದಿನ ಕೋಣೆಯಲ್ಲಿ ಕ್ಯಾಮರಾದ ಹಿಂದೆ ನಿಲ್ಲುವವನು ಮಾಲೀಕ ಪಾಲಾಕ್ಷಪ್ಪ. ಹಿಂದಿನ ಕೋಣೆಯಲ್ಲಿ ಉತ್ತರದ ಕಿಟಕಿಗೆ ಮುಖಮಾಡಿ ಕೂರುವವನು ಗುರುಸಂಗಪ್ಪ. ಪಾಲಾಕ್ಷಪ್ಪ ಫೋಟೋ ತೆಗೆಯುತ್ತಿದ್ದ, ಗುರುಸಂಗಪ್ಪ ಅದನ್ನು ತಿದ್ದುತ್ತಿದ್ದ. ಆ ಕೆಲಸಕ್ಕೆ ಊರವರು ಟಚಿಂಗ್ ಎನ್ನುತ್ತಿದ್ದರು. ಅವನಿಗೂ ಟಚಿಂಗ್ ಗುರುಸಂಗಪ್ಪನೆಂದೇ ಹೆಸರು ಬಿದ್ದಿತ್ತು.

ಅವು ಎಪ್ಪತ್ತರ ದಶಕದ ದಿನಗಳು. ಗಂಡಿನ ಕಡೆಯವರು ಹೆಣ್ಣು ನೋಡಲು ಬರುವ ಮೊದಲು ಫೋಟೋ ತರಿಸಿ ನೋಡುವ ವಾಡಿಕೆ ಹಳ್ಳಿಗಳಿಗೂ ಹಬ್ಬುತ್ತಿತ್ತು. ಅದಕ್ಕೆ ‘ತೋರಿಸೋ ಫೋಟೋ’ ಎನ್ನುತ್ತಿದ್ದರು. ಹಡಗಲಿಯಲ್ಲೂ ಹರಪನಹಳ್ಳಿಯಲ್ಲೂ ಸ್ಟುಡಿಯೋಗಳು ಇರಲಿಲ್ಲವೆಂದಲ್ಲ. ಆದರೂ ತೋರಿಸೋ ಫೋಟೋ ಎಂದರೆ ಜನ ಬಸ್ಸು ಹತ್ತಿ ಕೊಟ್ಟೂರಿಗೇ ಬರುತ್ತಿದ್ದರು. ಗುರುಸಂಗಪ್ಪನ ಕೈಯಲ್ಲಿ ಹೋಗಿಬಂದ ಮುಖ ಎಂಥ ಗಂಡಿಗೂ ಒಪ್ಪಿಗೆಯಾಗುತ್ತದೆ ಎಂಬ ಮಾತು ಸುತ್ತಿನಲ್ಲಿತ್ತು.

ಅವನ ಮೇಜು ಇಳಿಜಾರಾಗಿತ್ತು. ನಡುವೆ ಮಸುಕು ಗಾಜು, ಅದರ ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ಹಾಯಿಸುವ ಒಂದು ಕನ್ನಡಿ. ನೆಗೆಟಿವನ್ನು ಆ ಗಾಜಿನ ಮೇಲಿಟ್ಟು, ತಲೆಗೆ ಕರಿ ಬಟ್ಟೆ ಹೊದ್ದು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆಯಾಗಿ ಮುಖ ತಿದ್ದುತ್ತಿದ್ದ. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಕಪ್ಪು ಕೂದಲು ಬೆಳ್ಳಗೆ, ಬಿಳಿ ಹಲ್ಲು ಕಪ್ಪಗೆ ಕಾಣುತ್ತದೆ. ಹಾಗಾಗಿ ಮುಖ ಬೆಳ್ಳಗಾಗಬೇಕಾದರೆ ನೆಗೆಟಿವ್‌ನಲ್ಲಿ ಅದನ್ನು ಕಪ್ಪು ಮಾಡಬೇಕು. ಸಿಡುಬಿನ ಕುಳಿ, ಮಚ್ಚೆ, ಕಣ್ಣ ಕೆಳಗಿನ ಕರಿ, ಇವಕ್ಕೆಲ್ಲ ಪೆನ್ಸಿಲು ಸಾಕು. ಇಡೀ ಮುಖದ ಬಣ್ಣವನ್ನೇ ಏರಿಸಬೇಕಾದರೆ ಒಂದು ಬಗೆಯ ಕೆಂಪು ಬಣ್ಣದ ನೀರನ್ನು ಸಣ್ಣ ಕುಂಚದಿಂದ ಮುಖದ ಮೇಲಷ್ಟೇ ಎರಡು ಮೂರು ಸಲ ಸವರಬೇಕು. ಆ ಕೆಂಪು ಬೆಳಕನ್ನು ತಡೆಯುತ್ತದೆ. ಕಾಗದದ ಮೇಲೆ ಮುಖ ತಿಳಿಯಾಗಿ ಮೂಡುತ್ತದೆ. ಆಮೇಲೆ ಕಡ್ಡಿಗೆ ಅರಳೆ ಸುತ್ತಿ, ಕಪ್ಪುಬಿಳುಪು ಫೋಟೋದ ಮೇಲೆ ಎಣ್ಣೆಬಣ್ಣ ತೆಳ್ಳಗೆ ಲೇಪಿಸಿ ಕೆನ್ನೆಗೆ ಜೀವ ತುಂಬುತ್ತಿದ್ದ.

ಮೇಜಿನ ಪಕ್ಕದ ಗೋಡೆಗೆ ಒಂದು ರಟ್ಟು ತೂಗುಹಾಕಿತ್ತು. ಅದರ ಮೇಲೆ ಸಾಲಾಗಿ ಐದು ಬಗೆಯ ಕಾಳುಗಳನ್ನು ಗೋಂದಿನಿಂದ ಅಂಟಿಸಿದ್ದ: ಜೋಳ, ಗೋಧಿ, ನವಣೆ, ಸಜ್ಜೆ, ರಾಗಿ. ಮನುಷ್ಯರ ಬಣ್ಣಗಳಿಗೆ ಅವನು ಇಟ್ಟುಕೊಂಡ ಲೆಕ್ಕ ಅದು. ಯಾರಾದರೂ ಫೋಟೋಕ್ಕೆ ಕುಳಿತರೆ ಒಳಗಿನಿಂದ ಎದ್ದು ಬಂದು ಒಮ್ಮೆ ಮುಖ ನೋಡುವನು. ನೆಗೆಟಿವ್ ಇಡುವ ಲಕೋಟೆಯ ಮೇಲೆ ಗುಂಡಗಿನ ಅಕ್ಷರದಲ್ಲಿ ಬರೆಯುವನು: ‘ಇರುವುದು ನವಣೆ. ಬೇಕಾದದ್ದು ಗೋಧಿ.’ ಬೇಕಾದದ್ದು ಯಾವಾಗಲೂ ಗೋಧಿಯೇ. ಜೋಳದಷ್ಟು ಬೆಳ್ಳಗೆ ಮಾಡಿದರೆ ನೋಡಿದವರು ನಂಬುವುದಿಲ್ಲ, ನವಣೆಗೆ ಬಿಟ್ಟರೆ ಮನೆಯವರು ಒಪ್ಪುವುದಿಲ್ಲ.

ಅವನ ಹೆಂಡತಿ ಅನ್ನದಾನಮ್ಮ ನಗೆಮಾತಿನವಳು. “ಊರ ಮಂದಿ ಹೆಣ್ಮಕ್ಕಳನ್ನೆಲ್ಲ ಬೆಳ್ಳಗ ಮಾಡಿ ಕಳಸ್ತೀರಿ. ಮನ್ಯಾಗ ಒಬ್ಬಾಕಿ ಒಲಿ ಮುಂದ ಕುಂತು ಕರ್ರಗಾಗ್ಯಾಳ, ಆಕಿ ಲಕೋಟಿ ಮ್ಯಾಲ ಏನು ಬರದೀರಿ?” ಎಂದು ರೊಟ್ಟಿ ಬಡಿಯುತ್ತಾ ಕೇಳುವಳು.

“ನಿನ್ನ ಲಕೋಟಿ ಮ್ಯಾಲ ಬರಿಯೂದಿಲ್ಲ. ತಗದು ನೋಡಾಕ ಧೈರ್ಯ ಬೇಕು,” ಎನ್ನುವನು ಅವನು.

ಎಪ್ಪತ್ತೆರಡರ ಸುಗ್ಗಿ ಮುಗಿದ ಹೊತ್ತಿನಲ್ಲಿ ಗುಡೇಕೋಟೆಯಿಂದ ಮಾಳಮ್ಮ ಎಂಬ ಹೆಂಗಸು ತನ್ನ ಮಗಳು ಕನಕಮ್ಮನನ್ನು ಕರೆದುಕೊಂಡು ಬಂದಳು. ಗಂಡನಿಲ್ಲದ ಬಡವಿ, ಗುಡ್ಡದ ಕೆಳಗೆ ನಾಲ್ಕಾರು ಆಡು ಮೇಯಿಸಿ, ಕೂಲಿ ಮಾಡಿ ಮಗಳನ್ನು ಬೆಳೆಸಿದ್ದಳು. ಉಚ್ಚಂಗಿದುರ್ಗದ ಒಂದು ಮನೆಯವರು ಹುಡುಗಿಯ ಫೋಟೋ ಕಳಿಸಿ ಎಂದಿದ್ದರು. ಎಂದಿನಂತೆ ಗುರುಸಂಗಪ್ಪ ಹೊರಗೆ ಬಂದು ಮುಖ ನೋಡಿದ. ಹುಡುಗಿ ಎರವಲು ತಂದ ರೇಷ್ಮೆ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು.

“ಯಣ್ಣಾ, ಟಚಿಂಗ್ ಮಾಡವ್ರು ನೀವೇನ್ರಿ?” ಎಂದು ಅವಳೇ ಮಾತು ತೆಗೆದಳು.

“ಹೌದವ್ವ.”

“ನನ್ನ ಮಚ್ಚಿ ತಗೀಬ್ಯಾಡ್ರಿ. ಬಣ್ಣಾನೂ ಹಚ್ಚಬ್ಯಾಡ್ರಿ. ಇದ್ದಂಗ ಇರಲಿ.”

ಕ್ಯಾಮರಾದ ಹಿಂದಿನಿಂದ ಪಾಲಾಕ್ಷಪ್ಪ ನಕ್ಕ. “ಇದ್ದಂಗ ಇರಾದಾದ್ರ ಗುಡೇಕೋಟಿಯಿಂದ ಇಲ್ಲೀತನಕ ಯಾಕ ಬಂದೆವ್ವಾ? ಮನ್ಯಾಗ ಕನ್ನಡಿ ನೋಡಿದ್ರ ಆಕ್ಕಿತ್ತಲ್ಲ.”

ಮಾಳಮ್ಮ ಮಗಳ ಭುಜ ತಿವಿದಳು. “ನೀ ಬಾಯಿ ಮುಚ್ಚಿಕೊಂಡು ಕುಂದ್ರು. ಯಪ್ಪಾ, ಆಕಿ ಮಾತು ಹಿಡೀಬ್ಯಾಡ್ರಿ. ಒಂಚೂರು ತಿಳಿ ಮಾಡ್ರಿ. ಅವ್ರು ಬಂದು ನೋಡಿದ್ರ ಸಾಕು, ಆಮ್ಯಾಲ ಆಕಿ ಕೆಲಸ, ಆಕಿ ಗುಣ ನೋಡಿ ಒಪ್ಪತಾರ.”

ಗುರುಸಂಗಪ್ಪ ಒಳಗೆ ಹೋಗಿ ಲಕೋಟೆಯ ಮೇಲೆ ಬರೆದ: ‘ಕನಕಮ್ಮ, ಗುಡೇಕೋಟೆ. ಇರುವುದು ಸಜ್ಜೆ. ಬೇಕಾದದ್ದು ಗೋಧಿ. ಮಚ್ಚೆ ತೆಗೆಯುವುದು.’ ಆ ವಾರದಲ್ಲಿ ಹಾಗೆ ಬಂದವರು ಹನ್ನೊಂದು ಮಂದಿ. ಅವಳು ಆರನೆಯವಳೋ ಏಳನೆಯವಳೋ.

ಎಂಟು ವರ್ಷ ಕಳೆದವು. ಎಂಬತ್ತನೆಯ ಇಸವಿಯ ಚೈತ್ರ. ಬೆಳಿಗ್ಗೆ ಹತ್ತಕ್ಕೇ ಬಜಾರದ ಕಲ್ಲುಗಳು ಕಾದು ಜನ ನೆರಳು ಹಿಡಿದು ನಡೆಯುವ ಕಾಲ. ಪಾಲಾಕ್ಷಪ್ಪ ಫೋಟೋ ಕಾಗದ ತರಲು ಹೊಸಪೇಟೆಗೆ ಹೋಗಿದ್ದ. ಗುರುಸಂಗಪ್ಪ ಒಬ್ಬನೇ ಕುಳಿತಿದ್ದಾಗ ಬಾಗಿಲಲ್ಲಿ ಒಬ್ಬ ಮುದುಕಿ ಬಂದು ನಿಂತಳು. ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಕಟ್ಟು, ಕೈ ಹಿಡಿದು ಆರು ವರ್ಷದ ಒಬ್ಬ ಹುಡುಗಿ. ಹುಡುಗಿಯ ಎಡ ಕೆನ್ನೆ ತರಚಿ ಕೆಂಪಗಾಗಿತ್ತು. ಬಿಸಿಲಿಗೆ ಇಬ್ಬರ ತುಟಿಯೂ ಒಣಗಿತ್ತು.

“ಬರ್ರಿ ತಾಯಿ, ಒಳಗ ಬರ್ರಿ. ಮೊದಲು ನೀರು ಕುಡೀರಿ,” ಎಂದು ಅವನು ಎದ್ದ.

ಕುಡಿಯುವ ನೀರಿನ ಕೊಡ ಬರಿದಾಗಿತ್ತು. ನೀರು ಹೊರುವ ನಾಗಪ್ಪ ಆ ದಿನ ಇನ್ನೂ ಬಂದಿರಲಿಲ್ಲ. ಕತ್ತಲ ಕೋಣೆಯಲ್ಲಿ ಇನ್ನೊಂದು ಸಣ್ಣ ಮಡಕೆ ಇತ್ತು. ಅದರ ಸುತ್ತ ಒದ್ದೆ ಗೋಣಿ ಸುತ್ತಿ, ರಾತ್ರಿಯ ತಂಪನ್ನು ಹಿಡಿದಿಟ್ಟ ನೀರು. ಫಿಲ್ಮ್ ತೊಳೆಯಲು ಮಾತ್ರ ಅದು. ಬೇಸಿಗೆಯಲ್ಲಿ, ಚಿತ್ರ ಮೂಡಿರುವ ಫಿಲ್ಮಿನ ಮೇಲಿನ ಪದರ ನೆನೆದರೆ ಹಾಲಿನ ಕೆನೆಯಷ್ಟು ಮೆತ್ತಗಾಗುತ್ತದೆ. ಬೆಚ್ಚನೆಯ ನೀರು ತಾಕಿದರೆ ಜಾರಿಹೋಗುತ್ತದೆ. ಅದಕ್ಕೇ ಆ ಮಡಕೆಯನ್ನು ಯಾರೂ ಮುಟ್ಟುವಂತಿರಲಿಲ್ಲ. ಪಾಲಾಕ್ಷಪ್ಪನ ಬೀಗರು ಬಂದಾಗಲೂ ಅದಕ್ಕೆ ಲೋಟ ಅದ್ದಿರಲಿಲ್ಲ. ಗುರುಸಂಗಪ್ಪ ಒಂದು ಗಳಿಗೆ ನಿಂತ. ಬಿಸಿಲಲ್ಲಿ ಬಂದವರಿಗೆ ನೀರಿಲ್ಲವೆಂದು ಹೇಳುವ ನಾಲಿಗೆ ಅವನಿಗಿರಲಿಲ್ಲ. ಆ ಮಡಕೆಯಿಂದಲೇ ತುಂಬಿಸಿ, ಬೆಲ್ಲದ ಚೂರಿನೊಂದಿಗೆ ತಂದ.

ಮುದುಕಿ ಬೊಗಸೆ ಒಡ್ಡಿದಳು. ಎತ್ತರದಿಂದ ಹೊಯ್ಯುವ ನೀರು ಕುಡಿದೇ ಅವಳಿಗೆ ರೂಢಿ.

“ಲೋಟ ಹಿಡೀರಿ ತಾಯಿ. ನಾನೇನು ನಲ್ಲಿ ಅಲ್ಲ,” ಎಂದು ಅವನು ಲೋಟವನ್ನು ಕೈಗೇ ಕೊಟ್ಟ.

ಹುಡುಗಿ ಮೂರು ಲೋಟ ಕುಡಿದಳು. ತರಚಿದ ಕೆನ್ನೆಗೂ ತಂಪು ಎಂದು ಅವನೇ ಇನ್ನೆರಡು ಲೋಟ ತಂದು ಅವಳ ಮುಖ ತೊಳೆಸಿದ. ಮಡಕೆಯ ತಳದಲ್ಲಿ ಒಂದಿಷ್ಟು ನೀರು ಉಳಿಯಿತು.

“ನನ್ನ ಗುರ್ತು ಸಿಗಲಿಲ್ಲೇನ್ರಿ? ಗುಡೇಕೋಟಿ ಮಾಳಮ್ಮ. ಮಗಳ ಫೋಟೋ ತಗಸಾಕ ಬಂದಿದ್ದೆ,” ಎಂದಳು ಮುದುಕಿ. ಕಟ್ಟು ಬಿಚ್ಚಿ ಚೌಕಟ್ಟು ಹಾಕಿದ ಒಂದು ಫೋಟೋ ಅವನ ಮುಂದಿಟ್ಟಳು. “ನೀವ ಮಾಡಿದ್ದು.”

ತನ್ನ ಕೈಕೆಲಸ ಅವನಿಗೆ ಥಟ್ಟನೆ ತಿಳಿಯಿತು. ನುಣ್ಣನೆಯ ಕೆನ್ನೆ, ತಿಳಿ ಗೋಧಿ ಬಣ್ಣ, ತುಟಿಗೆ ಒಂದಿಷ್ಟೇ ಕೆಂಪು. ಒಳ್ಳೆಯ ಕೆಲಸವೇ. “ಭಾಳ ಚಂದ ಬಂದೈತಿ. ಮಗಳು ಹೆಂಗದಾಳ?” ಎಂದ.

“ಹೋದ್ಲ್ರಿ. ಕಾಮಾಲಿ ಆಗಿ ಹೋದ್ಲು. ನಾಕು ವರ್ಷಾತು. ಇಕಿ ಆಕಿ ಮಗಳು, ಪಕ್ಕೀರಮ್ಮ. ಅಳಿಯ ಮತ್ತೊಂದು ಮದಿವಿ ಆದ. ಇಕಿನ ನಾನ ಕರಕೊಂಡು ಬಂದೀನಿ.”

ಗುರುಸಂಗಪ್ಪನ ಕೈ ಚೌಕಟ್ಟಿನ ಮೇಲೆಯೇ ನಿಂತಿತು.

ಮಾಳಮ್ಮ ಹೇಳುತ್ತಾ ಹೋದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಉಚ್ಚಂಗಿದುರ್ಗದವರು ಫೋಟೋ ನೋಡಿ ಬಂದರು. ಹುಡುಗಿಯನ್ನು ನೋಡಿ ಮುಖ ಮುಖ ನೋಡಿಕೊಂಡರು. ಮಾತು ಆಡಿಬಿಟ್ಟಿದ್ದರಿಂದ ಮದುವೆ ಮಾಡಿಕೊಂಡರು. ಫೋಟೋವನ್ನು ಅತ್ತೆ ಪಡಸಾಲೆಯ ಗೋಡೆಗೆ ಹಾಕಿದಳು. ಏನಾದರೂ ತಪ್ಪಾದರೆ ಆ ಫೋಟೋ ತೋರಿಸಿ, ನಾವು ತರಬೇಕಂತಿದ್ದದ್ದು ಇಕಿನ್ನ, ನೀ ಯಾರು ಬಂದಿ ನಮ್ಮ ಮನಿಗೆ ಎನ್ನುತ್ತಿದ್ದಳು.

“ಮೂರು ವರ್ಷ ಆ ಫೋಟೋ ನನ್ನ ಮಗಳಿಗೆ ಸವತಿ ಆಗಿತ್ರಿ,” ಎಂದಳು ಮಾಳಮ್ಮ. “ಹೋಗ್ಲಿ, ಅದು ಮುಗೀತು. ತಿಳಿ ಮಾಡ್ರಿ ಅಂದಾಕಿ ನಾನ. ಈಗ ಇಕಿದು ಕೇಳ್ರಿ. ನಮ್ಮ ಮನ್ಯಾಗ ಇದೊಂದ ಫೋಟೋ ಐತಿ. ಇದು ನಿಮ್ಮವ್ವ ಅಂತ ತೋರಿಸ್ತೀನಿ. ಇಕಿ ನೋಡತಾಳ, ತನ್ನ ಕೈ ನೋಡಿಕೋತಾಳ. ನಮ್ಮವ್ವ ಬೆಳ್ಳಗದಾಳ, ನಾ ಯಾಕ ಹಿಂಗದೀನಿ, ನೀ ನನ್ನ ಎಲ್ಲಿಂದ ತಂದಿ ಅಂತ ಕೇಳತಾಳ. ಹೋದ ತಿಂಗಳಿಂದ ಪಾತ್ರಿ ತಿಕ್ಕೋ ಬೂದಿ ತಗಂಡು ಕೆನ್ನಿ ತಿಕ್ಕೊಳ್ಳಾಕ ಹತ್ಯಾಳ. ನೋಡ್ರಿ, ರಕ್ತ ಬಂದೈತಿ. ಹೊಡದೆ, ಬೈದೆ, ಕೇಳವಲ್ಲಳು.”

ಹುಡುಗಿ ತನ್ನ ಮಾತಲ್ಲವೆಂಬಂತೆ ಗೋಡೆಯ ಮೇಲಿನ ಕಾಳುಗಳ ರಟ್ಟನ್ನೇ ನೋಡುತ್ತಿದ್ದಳು.

“ಆಕಿ ಹೆಂಗಿದ್ಲೋ ಹಂಗ ಒಂದು ಫೋಟೋ ಮಾಡಿ ಕೊಡ್ರಿ ಯಪ್ಪಾ. ನಿಮ್ಮ ಹಂತೇಕ ಫಿಲಿಮು ಇರತೈತಿ ಅಂತಾರಲ್ಲ. ಮಚ್ಚಿ ಇರಲಿ, ಸಿಡುಬಿನ ಕಲಿ ಇರಲಿ, ಕರ್ರಗಿರಲಿ. ಇಕಿ ಒಮ್ಮೆ ನೋಡಿದ್ರ ಸಾಕು. ಮೂರು ಗಂಟಿ ಬಸ್ಸಿಗೆ ಕೂಡ್ಲಿಗಿಗೆ ಹೋಗಬೇಕು. ಇನ್ನೊಂದು ಸಲ ಬರಾಕ ನನಗ ಆಗಂಗಿಲ್ಲ.”

ಹಳೆಯ ನೆಗೆಟಿವ್‌ಗಳ ತಗಡಿನ ಪೆಟ್ಟಿಗೆ ಮೂಲೆಯಲ್ಲಿತ್ತು. ಅರ್ಧ ಗಂಟೆ ಹುಡುಕಿದ ಮೇಲೆ ಲಕೋಟೆ ಸಿಕ್ಕಿತು. ತನ್ನದೇ ಗುಂಡಗಿನ ಅಕ್ಷರ: ಇರುವುದು ಸಜ್ಜೆ. ಗುರುಸಂಗಪ್ಪ ಕಣ್ಣು ಮುಚ್ಚಿ ಆ ಹುಡುಗಿಯನ್ನು ನೆನೆಯಲು ನೋಡಿದ. ಸೆರಗು ಹಿಡಿದ ಕೈ ನೆನಪಾಯಿತು. ‘ಇದ್ದಂಗ ಇರಲಿ’ ಎಂದ ದನಿ, ಅಷ್ಟು ವರ್ಷ ಎಲ್ಲಿತ್ತೋ, ಕಿವಿಯ ಹತ್ತಿರವೇ ಕೇಳಿಸಿತು. ಮುಖ ಮಾತ್ರ ಬರಲಿಲ್ಲ. ಬಂದದ್ದು ಚೌಕಟ್ಟಿನೊಳಗಿದ್ದ ಆ ಗೋಧಿ ಮುಖವೇ. ಇಪ್ಪತ್ತು ವರ್ಷ ಅವನು ನೋಡಿದ ಸಾವಿರಾರು ಮುಖಗಳಲ್ಲಿ ಒಂದೂ ಇದ್ದ ಹಾಗೆ ಅವನ ನೆನಪಿನಲ್ಲಿ ಉಳಿದಿರಲಿಲ್ಲ. ಒಬ್ಬ ಹೆಣ್ಣುಮಗಳ ಬಣ್ಣಕ್ಕೆ ಅವನ ಬಳಿ ಇದ್ದದ್ದು ಒಂದು ಕಾಳಿನ ಹೆಸರು.

“ಮಾಡೋಣ ತಾಯಿ. ಕುಂದ್ರಿ,” ಎಂದ.

ಮೊದಲು ಟರ್ಪೆಂಟೈನ್ ಹಚ್ಚಿದ ಅರಳೆಯಿಂದ ಪೆನ್ಸಿಲಿನ ಚುಕ್ಕೆಗಳನ್ನು ಒರೆಸಿದ. ಮೇಜಿನ ಗಾಜಿನ ಮೇಲಿಟ್ಟು ನೋಡಿದಾಗ ಮಚ್ಚೆ ಮರಳಿ ಬಂದಿತ್ತು. ಹಣೆಯ ಮೇಲೆ ಸಿಡುಬಿನ ನಾಲ್ಕೈದು ಕುಳಿಗಳೂ ಕಂಡವು. ಅವನಿಗೆ ಸಂತೋಷವಾಯಿತು. ಅಷ್ಟಕ್ಕೇ ನಿಲ್ಲಿಸಿ ಒಂದು ಪ್ರತಿ ತೆಗೆದಿಟ್ಟಿದ್ದರೆ ಎಂದು ಆಮೇಲೆ ಅವನು ಎಷ್ಟು ಸಲ ಅಂದುಕೊಂಡನೋ ಲೆಕ್ಕವಿಲ್ಲ. ಆದರೆ ಕೆಂಪು ಬಣ್ಣ ಇನ್ನೂ ಮುಖದ ಮೇಲೆ ಹಾಗೇ ಇತ್ತು. ಮುದುಕಿ ಕೇಳಿದ್ದು ಬಣ್ಣ. ಹೆಚ್ಚು ಬೆಳಕು ಕೊಟ್ಟು ಮುದ್ರಿಸಿದರೆ ಮುಖದ ಜೊತೆಗೆ ಸೀರೆ, ಕೂದಲು, ಹಿಂದಿನ ಪರದೆ ಎಲ್ಲವೂ ಇದ್ದಿಲಾಗುತ್ತದೆ. ಕೆಂಪು ಹೋಗಬೇಕಾದರೆ ನೀರಿಗೆ ನಾಲ್ಕು ಹನಿ ಅಮೋನಿಯಾ ಹಾಕಿ ನೆನೆಸಿಡಬೇಕು.

ಮಡಕೆಯ ತಂಪು ನೀರನ್ನು ಫಿಲ್ಮ್ ತೊಳೆಯುವ ತಟ್ಟೆಗೆ ಬಗ್ಗಿಸಿದ. ತಟ್ಟೆಯ ತಳ ಮುಚ್ಚಿತೇ ಹೊರತು ನೆಗೆಟಿವ್ ಮುಳುಗಲಿಲ್ಲ. ಹಿತ್ತಲಿನಲ್ಲಿ ಕಬ್ಬಿಣದ ಪೀಪಾಯಿಯಲ್ಲಿ ನೀರಿತ್ತು. ಬಿಸಿಲಿಗೆ ಕಾದ ನೀರು. ಗಂಟೆ ಒಂದಾಗಿತ್ತು. ನಾಳೆ ನಸುಕಿನಲ್ಲಿ ಮಾಡುವ ಕೆಲಸ ಇದು ಎಂದು ಅವನ ಕೈಗೆ ಗೊತ್ತಿತ್ತು. ಹೊರಗೆ ಮುದುಕಿ ಹುಡುಗಿಗೆ ಹೇಳುತ್ತಿದ್ದದ್ದು ಕೇಳಿಸಿತು: “ಸುಮ್ಮ ಕುಂದ್ರು ಪಕ್ಕಿ. ನಿಮ್ಮವ್ವನ್ನ ತೋರಸ್ತಾರ.” ಎರಡು ಚೊಂಬು ಪೀಪಾಯಿ ನೀರನ್ನು ತಂಪಿನ ಜೊತೆ ಬೆರೆಸಿದ. ಬೆರಳದ್ದಿ ನೋಡಿದ. ಬೆರಳಿಗೆ ಹಿತವೆನಿಸಿತು. ಹಿತವಾದರೆ ಬೆಚ್ಚಗಿದೆ ಎಂದೇ ಅರ್ಥ. ಪಾಲಾಕ್ಷಪ್ಪನಿಗೆ ಆ ಪಾಠ ಹೇಳಿಕೊಟ್ಟವನೇ ಅವನು.

ನೆಗೆಟಿವ್ ಮುಳುಗಿತು. ಸ್ವಲ್ಪ ಹೊತ್ತಿಗೆ ನೀರು ಕುಂಕುಮ ಕದಡಿದಂತೆ ತಿಳಿಗೆಂಪಾಯಿತು. ಬಣ್ಣ ಬಿಡುತ್ತಿತ್ತು. ಅವನು ತಟ್ಟೆಯನ್ನು ಮೆಲ್ಲಗೆ ಓಲಾಡಿಸಿದ. ಮತ್ತಷ್ಟು ಕೆಂಪು ಬಿಟ್ಟಿತು. ಎರಡು ಬೆರಳಿನಲ್ಲಿ ಅಂಚು ಹಿಡಿದು ನೆಗೆಟಿವನ್ನು ಕಿಟಕಿಗೆ ಎತ್ತಿದ.

ತಿರುಗುಮುರುಗು ಮುಖಗಳನ್ನು ನೇರವಾಗಿ ಓದುವುದು ಅವನಿಗೆ ಅಕ್ಷರ ಓದಿದಂತೆ. ಕನಕಮ್ಮ ಕಂಡಳು. ಗದ್ದದ ಎಲುಬಿನ ಗಟ್ಟಿ, ಕೆನ್ನೆಯ ಮೇಲೆ ಬಿಸಿಲು ಕೂತ ಜಾಗ, ಕಣ್ಣ ಕೆಳಗೆ ಸ್ವಲ್ಪ ಹೆಚ್ಚು ಕಪ್ಪು, ಮೂಗಿನ ತುದಿಯಲ್ಲಿ ಹೊಳಪು. ಸಜ್ಜೆ ಎಂದು ತಾನು ಬರೆದದ್ದು ಎಷ್ಟು ಒರಟು ಲೆಕ್ಕವೆಂದು ಅವನಿಗೆ ಅನಿಸಿತು. ಅದರಲ್ಲಿ ಮೂರು ನಾಲ್ಕು ಬಣ್ಣಗಳಿದ್ದವು, ಒಂದಕ್ಕೂ ಕಾಳಿನ ಹೆಸರಿರಲಿಲ್ಲ. ಅವಳು ನಗುವುದಕ್ಕೆ ತಯಾರಾಗಿ ತಡೆದುಕೊಂಡಂತೆ ಕುಳಿತಿದ್ದಳು. ಅದನ್ನೂ ಅವನ ಪೆನ್ಸಿಲು ಒರೆಸಿಹಾಕಿತ್ತು.

ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಗದ್ದದ ಬಳಿ ಒಂದು ಸುಕ್ಕು ಎದ್ದಿತು. ಅವನು ತಟ್ಟನೆ ಕೆಳಗಿಳಿಸಿದ. ಸುಕ್ಕು ಕೆನ್ನೆಗೆ ಏರಿತು, ಕೆನೆ ಮಡಿಚಿಕೊಂಡಂತೆ ಮುಖ ತನ್ನ ಮೇಲೆ ತಾನೇ ಮಡಿಚಿಕೊಂಡಿತು, ಫಿಲ್ಮಿನಿಂದ ಜಾರಿ ತಟ್ಟೆಯ ಕೆಂಪು ನೀರಿಗೆ ಇಳಿಯಿತು. ಬೆರಳಿನಿಂದ ಬಿಡಿಸಲು ಹೋದರೆ ಬೆರಳಿಗೆ ಅಂಟಿತು. ಸೀರೆಯ ಅಂಚು, ಹಿಂದಿನ ಪರದೆಯ ಹೂಬಳ್ಳಿ ಫಿಲ್ಮಿನ ಮೇಲೆ ಹಾಗೇ ಇದ್ದವು. ನಡುವೆ ಗಾಜಿನಂತೆ ಬರಿದು.

ಹೊರಗೆ ಬಂದಾಗ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ತಾಯಿ, ಹಾಳು ಮಾಡಿದೆ,” ಎಂದ. “ನೀರು ಬೆಚ್ಚಗಿತ್ತು. ಫಿಲ್ಮ್ ಕರಗಿ ಹೋತು. ನಾಳಿ ಮುಂಜಾನಿ ಮಾಡಬೇಕಿತ್ತು. ನನ್ನ ತಪ್ಪು.”

ಮಾಳಮ್ಮ ಅವನ ಮುಖ ನೋಡಿದಳು. ಖಾಲಿ ಲೋಟ ಇನ್ನೂ ಅವಳ ಕಾಲ ಬಳಿ ಇತ್ತು. “ಹಂಗಾರ ಎರಡನೇ ಸಲ ಹೋದ್ಲು,” ಎಂದಳು. ಮತ್ತೆ ಅವಳೇ, “ಕುಂದ್ರಿ ಯಪ್ಪಾ. ನೀವ್ಯಾಕ ನಿಂತೀರಿ,” ಎಂದಳು.

ಆ ಸಮಾಧಾನವನ್ನು ಅವನಿಗೆ ತಡೆಯಲಾಗಲಿಲ್ಲ. “ನಾನು ಆಕಿನ್ನ ನೋಡಿದೆ ತಾಯಿ. ಈಗ, ಹೋಗೂದಕ್ಕಿಂತ ಮುಂಚೆ. ನನಗ ಈಗ ಗೊತ್ತೈತಿ. ಈ ಚೌಕಟ್ಟಿನ ಫೋಟೋದ ಮ್ಯಾಲ ಬಣ್ಣ ಹಾಕ್ತೀನಿ. ಆದ್ರ ಉಳದದ್ದು ಇದೊಂದ. ಬ್ಯಾಡ ಅಂದ್ರ ಬಿಡತೀನಿ.”

“ಹಾಕ್ರಿ. ಇದನ್ನ ಹಿಂಗ ಇಟಕೊಂಡು ನಾ ಏನು ಮಾಡ್ಲಿ.”

ಸತ್ತವರ ಫೋಟೋಕ್ಕೆ ಬಣ್ಣ ಹಾಕುವಾಗ ಅವನದೊಂದು ಪದ್ಧತಿಯಿತ್ತು. ರಕ್ತಸಂಬಂಧಿಕರಲ್ಲಿ ಅದೇ ಬಣ್ಣದವರನ್ನು ಪಕ್ಕದಲ್ಲಿ ಕೂರಿಸಿ, ಅವರ ಕೈಯನ್ನು ಫೋಟೋದ ಬದಿಗಿಟ್ಟುಕೊಂಡು ಬಣ್ಣ ಕಲೆಸುವುದು. ಅವನು ಹುಡುಗಿಯನ್ನು ಕರೆದು ಎತ್ತರದ ಸ್ಟೂಲಿನ ಮೇಲೆ ಕೂರಿಸಿದ. ಅವಳ ಪುಟ್ಟ ಕೈ ಮೇಜಿನ ಮೇಲೆ ಬಂತು. ಚೌಕಟ್ಟು ಬಿಚ್ಚಿ ಫೋಟೋ ಹೊರತೆಗೆದು, ಕಂದು, ಹಳದಿ, ಒಂದು ಚಿಟಿಕೆ ಕೆಂಪು ಕಲೆಸಿ ಅರಳೆಯಿಂದ ಹಚ್ಚತೊಡಗಿದ.

“ಅಜ್ಜಾ, ಆ ಕಾಳು ಯಾಕ ಅಂಟಿಸೀರಿ? ಕೋಳಿ ತಿನ್ನಂಗಿಲ್ಲೇನು?” ಎಂದು ಹುಡುಗಿ ರಟ್ಟು ತೋರಿಸಿ ಕೇಳಿದಳು.

“ತಿನ್ನಬೇಕಿತ್ತವ್ವ. ಯಾವತ್ತೋ ತಿನ್ನಬೇಕಿತ್ತು.”

“ನಂದು ಯಾವ ಕಾಳು?”

ಅವನು ಮಾಳಮ್ಮನ ಕಡೆ ತಿರುಗಿ, “ಮಚ್ಚಿ ಯಾವ ಕಡಿ ಇತ್ತು ತಾಯಿ?” ಎಂದ. ಅವನಿಗೆ ಗೊತ್ತಿತ್ತು, ಆದರೂ ಈಗ ತನ್ನ ಮೇಲೆ ತನಗೆ ನಂಬಿಕೆಯಿರಲಿಲ್ಲ.

ಮಾಳಮ್ಮ ತನ್ನ ಕೆನ್ನೆಗೆ ಕೈ ಒಯ್ದಳು. ಎಡಕ್ಕೆ ಮುಟ್ಟಿದಳು, ಬಲಕ್ಕೆ ಮುಟ್ಟಿದಳು. ಗೊತ್ತಾಗದೆ ಎದ್ದು ಬಂದು ಮೊಮ್ಮಗಳ ಎದುರು ಕುಕ್ಕರುಗಾಲಿನಲ್ಲಿ ಕುಳಿತು, ಉಣಿಸುವವಳಂತೆ ಕೈ ಚಾಚಿ ಅವಳ ಬಲಗೆನ್ನೆಯ ಮೇಲೆ ಬೆರಳಿಟ್ಟಳು. “ಇಲ್ಲಿ,” ಎಂದಳು.

ಎರಡೂವರೆಗೆ ಕೆಲಸ ಮುಗಿಯಿತು. ತಾನು ಕಂಡದ್ದನ್ನೆಲ್ಲ ಅವನು ಹಾಕಲು ನೋಡಿದ್ದ. ಗದ್ದದ ನೆರಳು, ಕಣ್ಣ ಕೆಳಗಿನ ಕಪ್ಪು, ಮಚ್ಚೆ. ಆದರೆ ತಳದಲ್ಲಿದ್ದದ್ದು ತಾನೇ ನುಣ್ಣಗೆ ಮಾಡಿದ ಕೆನ್ನೆ. ಸುಣ್ಣ ಬಳಿದ ಗೋಡೆಗೆ ಕೆಮ್ಮಣ್ಣು ಸಾರಿಸಿದ ಹಾಗೆ ಬಣ್ಣ ಮೇಲೆ ನಿಂತಿತ್ತು. ಮುಖದ ಒಳಗಿನಿಂದ ಬಂದದ್ದಲ್ಲ ಅದು. ನಗು ತಡೆದುಕೊಂಡ ಆ ತುಟಿಯನ್ನು ಮೂರು ಸಲ ಪ್ರಯತ್ನಿಸಿ ಬಿಟ್ಟಿದ್ದ.

ಮಾಳಮ್ಮ ಫೋಟೋವನ್ನು ದೂರ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು. ಗುರುಸಂಗಪ್ಪ ಅವಳ ಕಣ್ಣನ್ನೇ ಕಾಯುತ್ತಿದ್ದ. ಅವಳು ಅವನ ಕಡೆ ನೋಡಲಿಲ್ಲ.

“ನೋಡು ಪಕ್ಕಿ. ನಿಮ್ಮವ್ವ ಹಿಂಗಿದ್ಲು,” ಎಂದು ಮೊಮ್ಮಗಳ ಮುಂದೆ ಹಿಡಿದಳು.

ಹುಡುಗಿ ಫೋಟೋದ ಪಕ್ಕದಲ್ಲಿ ತನ್ನ ಕೈಯಿಟ್ಟು ನೋಡಿದಳು. ಆಗಿನಿಂದ ಅವನು ಮಾಡುತ್ತಿದ್ದ ಹಾಗೆಯೇ. “ಒಂದ ಐತಿ,” ಎಂದಳು. ಅವಳ ಮುಖ ಅರಳಿತು. ಗುರುಸಂಗಪ್ಪ ಉಸಿರು ಬಿಟ್ಟ.

ಎಣ್ಣೆಬಣ್ಣ ಆರಲು ಎರಡು ದಿನ ಬೇಕು. ಮುಟ್ಟಬೇಡಿ ಎಂದು ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಹೆಬ್ಬೆರಳಿನಿಂದ ಅವ್ವನ ಕೆನ್ನೆಯನ್ನು ಸವರಿದಳು. ಪ್ರೀತಿಯಿಂದ ಸವರಿದಳೋ, ಒರೆಸಿದರೆ ಹೋಗುವ ಬಣ್ಣವೋ ಎಂದು ನೋಡಿದಳೋ, ಹೇಳುವುದು ಕಷ್ಟ. ಕಂದು ಬೆರಳಿಗೆ ಬಂತು. ಕೆನ್ನೆಯ ಮೇಲೆ ಕಾಸಿನಗಲ ಗೋಧಿ ಬಣ್ಣ ಹೊಳೆಯಿತು.

ಹುಡುಗಿ ಬೆರಳು ನೋಡಿಕೊಂಡಳು. ಫೋಟೋ ನೋಡಿದಳು. “ಆಯಿ, ಅವ್ವ ಕೆಳಗ ಬೆಳ್ಳಗದಾಳ,” ಎಂದಳು.

ಅವಳು ಅದೇ ಹೆಬ್ಬೆರಳನ್ನು ಮೆಲ್ಲಗೆ ತನ್ನ ತರಚಿದ ಕೆನ್ನೆಗೆ ಒಯ್ದು ಒತ್ತಿ ತಿಕ್ಕಿದಳು. “ನಾನೂ ಕೆಳಗ ಬೆಳ್ಳಗ ಅದೀನಿ,” ಎಂದಳು.

ಗುರುಸಂಗಪ್ಪ ಅವಳ ಕೈ ಹಿಡಿದುಕೊಂಡ. “ಇಲ್ಲವ್ವ, ಹಂಗಲ್ಲ. ಆ ಬಿಳಿ ನಾನು ಹಚ್ಚಿದ್ದು,” ಎಂದ. “ಕರಿದು?” ಎಂದಳು ಅವಳು. ಅದನ್ನು ಹಚ್ಚಿದವನೂ ಅವನೇ. ಅವಳ ಕಣ್ಣೆದುರಿನಲ್ಲೇ ಹಚ್ಚಿದ್ದ.

ಒರೆಸಿದ ಜಾಗವನ್ನು ಮತ್ತೆ ಮುಚ್ಚಿ, ಗಾಜು ತಾಕದಂತೆ ಫೋಟೋವನ್ನು ಒಂದು ಕಾಗದದ ಪೆಟ್ಟಿಗೆಯಲ್ಲಿಟ್ಟು ಕಟ್ಟಿಕೊಟ್ಟ. ಬಸ್ ಸ್ಟ್ಯಾಂಡಿನವರೆಗೂ ತಾನೇ ಹೊತ್ತುಕೊಂಡು ಹೋದ. ಕೂಡ್ಲಿಗಿ ಬಸ್ಸಿನ ಕಿಟಕಿಯಿಂದ ಮಾಳಮ್ಮ, “ನಿಮ್ಮ ನೀರು ಭಾಳ ತಣ್ಣಗಿತ್ರಿ ಯಪ್ಪಾ,” ಎಂದಳು. ಅದು ಅವಳು ಉಪಕಾರ ನೆನೆದ ಮಾತು.

ಆ ಸಂಜೆ ಅನ್ನದಾನಮ್ಮ ನಗೆಮಾತು ಆಡಲಿಲ್ಲ. ಎಲ್ಲ ಕೇಳಿ, “ನೀರು ಕೊಡಬಾರದಿತ್ತು ಅಂತ ಹೆಂಗ ಅನ್ನಲಿ,” ಎಂದಷ್ಟೇ ಹೇಳಿ ಅವನಿಗೆ ಉಣಬಡಿಸಿದಳು.

ಗುರುಸಂಗಪ್ಪ ಕೆಲಸ ಬಿಡಲಿಲ್ಲ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಬಂದವರಿಗೆ ಇದ್ದ ಹಾಗೇ ಇರಲಿ ಎಂದು ಹೇಳಿ ನೋಡಿದ. ಕೆಲವರು ನಕ್ಕರು, ಕೆಲವರು ಎದ್ದು ಹರಪನಹಳ್ಳಿಗೆ ಹೋದರು, ಪಾಲಾಕ್ಷಪ್ಪ ಎರಡು ದಿನ ಮಾತು ಬಿಟ್ಟ. ಆಮೇಲೆ ಅವನು ಒಂದು ಪದ್ಧತಿ ಮಾಡಿಕೊಂಡ. ಯಾರದೇ ನೆಗೆಟಿವ್ ಬರಲಿ, ಪೆನ್ಸಿಲು ತಾಕಿಸುವ ಮೊದಲು ಒಂದು ಪ್ರತಿ ತೆಗೆದು, ಹಿಂದೆ ಹೆಸರು, ಊರು ಬರೆದು ತಗಡಿನ ಪೆಟ್ಟಿಗೆಯಲ್ಲಿಡುವುದು. ದಾವಣಗೆರೆಯಲ್ಲಿ ಕಲರ್ ಲ್ಯಾಬ್ ಆಗಿ ಟಚಿಂಗ್ ಕೆಲಸ ನಿಲ್ಲುವ ಹೊತ್ತಿಗೆ ಆ ಪೆಟ್ಟಿಗೆಯಲ್ಲಿ ಸಾವಿರಕ್ಕೂ ಮಿಕ್ಕಿ ಮುಖಗಳಿದ್ದವು. ಕೇಳಿಕೊಂಡು ಯಾರೂ ಬರಲಿಲ್ಲ. ಒಬ್ಬಳು ಮಾತ್ರ ಹೇಗೋ ತಿಳಿದು ಬಂದು, ತನ್ನದನ್ನು ಹರಿದುಹಾಕಿ ಎಂದು ಎದುರಿಗೇ ನಿಂತು ಹರಿಸಿ ಹೋದಳು.

ಟಚಿಂಗ್ ಇನ್ನೂ ನಡೆಯುತ್ತಿದ್ದ ಎಂಬತ್ಮೂರರ ಒಂದು ದಿನ ಗುಡೇಕೋಟೆಯ ಅಂಜಿನಕ್ಕ ಎಂಬುವಳು ತನ್ನ ತಂಗಿಯ ಮಗಳ ತೋರಿಸೋ ಫೋಟೋಕ್ಕೆ ಬಂದಳು. ಗುರುಸಂಗಪ್ಪ ಅವಳನ್ನು ಒಳಗೆ ಕರೆದು ನೀರು ಕೊಟ್ಟು ಕೇಳಿದ: “ನಿಮ್ಮೂರ ಮಾಳಮ್ಮನ ಮೊಮ್ಮಗಳು ಹೆಂಗದಾಳ್ರಿ? ಪಕ್ಕೀರಮ್ಮ ಅಂತ.”

“ಅದಾಳ್ರಿ. ಶಾಲೀಗೆ ಹೋಗತಾಳ, ಓದೂದರಾಗ ಚುರುಕು,” ಎಂದಳು ಅಂಜಿನಕ್ಕ. ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡಳು. “ಮುಖ ಮಾತ್ರ ಭಾಳ ತೊಳಕೊಂತಾಳ. ಅದೊಂದು ಚಾಳಿ ಆಗ್ಯದ. ಇರ್ಲಿ, ನಮ್ಮ ಹುಡುಗಿದು ನೋಡ್ರಿ. ಒಂಚೂರು ತಿಳಿ ಮಾಡ್ರಿ.”

ಗುರುಸಂಗಪ್ಪ ಎದ್ದು ಹೊರಗೆ ಬಂದು, ಕುರ್ಚಿಯ ಮೇಲೆ ಕುಳಿತಿದ್ದ ಹುಡುಗಿಯ ಮುಖವನ್ನು ಬಹಳ ಹೊತ್ತು ನೋಡಿದ. ಅವಳು ನಾಚಿ ತಲೆ ತಗ್ಗಿಸಿದಳು. ಒಳಗೆ ಹೋಗಿ ಲಕೋಟೆ ತೆಗೆದುಕೊಂಡ. ‘ಇರುವುದು’ ಎಂದು ಬರೆದು, ಮುಂದೆ ಏನು ಬರೆಯುವುದೆಂದು ತಿಳಿಯದೆ ಅಷ್ಟು ಜಾಗ ಬಿಟ್ಟ. ‘ಬೇಕಾದದ್ದು ಗೋಧಿ’ ಎಂದು ಬರೆದು ಮುಗಿಸಿ, ಪೆನ್ಸಿಲು ಚೂಪು ಮಾಡತೊಡಗಿದ.